ಗೋಣುಪಟ್ಟಿ

ರೇಷ್ಮೆಹುಳುವಿನ ಹೊಟ್ಟೆಯಲ್ಲಿ ರೇಷ್ಮೆ ಇರುವುದಿಲ್ಲ. ಗೋಂದಿನಂಥ ಒಂದು ದ್ರವ ಇರುತ್ತದೆ, ಅಷ್ಟೆ. ಹುಳು ಅದನ್ನು ಬಾಯಿಂದ ಹೊರಗೆಳೆದ ಕೂಡಲೇ ಗಟ್ಟಿಯಾಗಿ ನೂಲಾಗುತ್ತದೆ. ಮೆಲ್ಲಗೆ ಅಲ್ಲಾಡಿಸಿದರೆ ಪಾಯಸ, ರಪ್ಪನೆ ಎಳೆದರೆ ತಂತಿ. ಇಂಥ ಮುಂಗೋಪದ ದ್ರವವನ್ನು ಹುಳುವಿನ ಹಂಗಿಲ್ಲದೆ ತಯಾರಿಸಿ, ಬೆರಳಗಲದ ಪಟ್ಟಿಯೊಳಗೆ ತುಂಬಿ, ಮನುಷ್ಯರ ಕತ್ತಿಗೆ ಕಟ್ಟಿದರೆ ಏನಾಗಬಹುದು?

ಹಾಲುಗೂಡು ಎಂಬ ಊರಿನ ರೇಷ್ಮೆ ಪ್ರಯೋಗಾಲಯದ ಎಂಜಿನಿಯರ್ ತಿಪ್ಪೇಶನಿಗೆ ಈ ಪ್ರಶ್ನೆ ಹೊಳೆದದ್ದು ಸ್ವಂತ ಕತ್ತಿನ ನೋವಿನಿಂದ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ತಲೆಬಾಗಿದವನಿಗೆ ಬರುವ ಸಾಮಾನ್ಯ ನೋವು. ಕೊರಳಪಟ್ಟಿ ಎಂದರೆ ಅಂಗಿಯದಾಗುತ್ತದೆ ಎಂದು ತನ್ನ ಪಟ್ಟಿಗೆ ಗೋಣುಪಟ್ಟಿ ಎಂದು ಹೆಸರಿಟ್ಟ. ನಿಧಾನವಾಗಿ ಎಷ್ಟು ಬಗ್ಗಿದರೂ ಅದು ಜೊತೆಗೆ ಬಗ್ಗುತ್ತಿತ್ತು. ರಪ್ಪನೆ ಬಗ್ಗಿಸಿದರೆ ಮಾತ್ರ ಟಕ್ಕೆಂದು ಬಿಗಿದು, ತೊಂಬತ್ತು ಸೆಕೆಂಡು ಕತ್ತನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ತಾನಾಗಿ ಕರಗುತ್ತಿತ್ತು. ಕತ್ತಿನ ನರಗಳಿಗೆ ಕೇಡು ಬಗೆಯುವುದು ಬಾಗುವುದಲ್ಲ, ಏಕಾಏಕಿ ಬಾಗುವುದು ಎಂದು ವೈದ್ಯರು ಹೇಳಿದ್ದರು. ಪಟ್ಟಿಯಲ್ಲಿ ಜೋಳದ ಕಾಳಿನಷ್ಟು ಗಾತ್ರದ ಸಂವೇದಕವಿತ್ತು. ಕತ್ತು ಯಾವಾಗ, ಎಷ್ಟು ಡಿಗ್ರಿ, ಎಷ್ಟು ವೇಗದಲ್ಲಿ ಬಗ್ಗಿತು ಎಂಬುದನ್ನು ಅದು ಪ್ರಯೋಗಾಲಯದ ಗೋಡೆಯ ಪರದೆಗೆ ಕಳಿಸುತ್ತಿತ್ತು.

ಪರೀಕ್ಷೆಗೆ ಕತ್ತುಗಳು ಬೇಕಿದ್ದವು. ಊರಿನಲ್ಲಿ ಕತ್ತು ನೋವಿಗೆ ಹೆಸರಾದ ಜಾಗ ಒಂದೇ, ಪರ್ವತಯ್ಯನವರ ನೂಲು ಬಿಚ್ಚುವ ಕಾರ್ಖಾನೆ. ಆ ಹೊತ್ತಿಗೆ ಬೇರೆಲ್ಲ ಕಡೆ ಯಂತ್ರಗಳೇ ನೂಲು ಬಿಚ್ಚುತ್ತಿದ್ದರೂ, ನರ ಹೊಲಿಯುವ ಶಸ್ತ್ರವೈದ್ಯರಿಗೆ ಬೇಕಾದ ಕೂದಲಿಗಿಂತ ತೆಳುವಾದ ಎಳೆ ಯಂತ್ರದ ಬಾಯಲ್ಲಿ ಕಡಿದುಹೋಗುತ್ತಿತ್ತು. ಬಿಸಿನೀರಲ್ಲಿ ತೇಲುವ ಗೂಡಿನ ಮೇಲೆ ಆ ಎಳೆಯ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಅಂಥ ಬೆರಳುಗಳಿದ್ದದ್ದು ಪರ್ವತಯ್ಯನವರ ಹನ್ನೆರಡು ತೊಟ್ಟಿಗಳ ಮುಂದೆ ಕೂರುವ ಹನ್ನೆರಡು ಹೆಂಗಸರಿಗೆ.

ಮೊದಲ ತೊಟ್ಟಿ ಮುದ್ದೀರಮ್ಮನದು. ಬಾಗಿಲ ಪಕ್ಕದ್ದು. ನಲವತ್ತೇಳು ವಯಸ್ಸು, ಇಪ್ಪತ್ತೆರಡು ವರ್ಷದ ನೌಕರಿ. ಕಳೆದ ದೀಪಾವಳಿಯಿಂದ ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮರದಂತಾಗಿದ್ದವು. ಕುದಿನೀರೂ ತಣ್ಣೀರೂ ಒಂದೇ. ಎಡಗೈಯಲ್ಲಿ ತುದಿ ಹುಡುಕಿ, ಬಲಗೈಯಲ್ಲಿ ಸಿಕ್ಕಿದಂತೆ ನಟಿಸುತ್ತಿದ್ದಳು. ಮೇಸ್ತ್ರಿ ನಂಜುಂಡನಿಗೆ ತಿಳಿದರೆ ಆವತ್ತೇ ಮನೆಗೆ. ಕತ್ತಿನಲ್ಲಿ ನರ ಸಿಕ್ಕಿಕೊಂಡಿದೆ, ಹೀಗೇ ಬಿಟ್ಟರೆ ವರ್ಷದೊಳಗೆ ಕೈಯೇ ಹೋಗುತ್ತದೆ ಎಂದು ವೈದ್ಯರು ಹೇಳಿದ್ದನ್ನು ಅವಳು ಪಕ್ಕದ ತೊಟ್ಟಿಯ ಶಮ್‌ಶಾದ್ ಬೀಗೆ ಮಾತ್ರ ಹೇಳಿದ್ದಳು. ತಿಪ್ಪೇಶ ಪಟ್ಟಿಗಳನ್ನು ತಂದಾಗ ಮೊದಲು ಕತ್ತು ಒಡ್ಡಿದವಳು ಅವಳೇ.

ಕಾರ್ಖಾನೆಯಲ್ಲಿ ಒಂದು ವಾಡಿಕೆಯಿತ್ತು. ಪರ್ವತಯ್ಯನವರು ದಿನಾ ಹತ್ತು ಗಂಟೆ ಏಳು ನಿಮಿಷಕ್ಕೆ ಒಳಗೆ ಬರುತ್ತಾರೆ. ಅವರು ಹನ್ನೆರಡು ತೊಟ್ಟಿ ಸುತ್ತಿ ಹೊರಗೆ ಹೋಗುವ ತನಕ ಹೆಂಗಸರು ಎದ್ದು, ಗದ್ದವನ್ನು ಎದೆಗೆ ಒತ್ತಿ ನಿಂತಿರಬೇಕು. ನೂಲು ಕಡಿದರೆ ಕಡಿಯಲಿ. ಅವರ ತಾತನ ಕಾಲದಿಂದ ಹೀಗೆ. ಗೋಡೆಯ ಮೇಲೆ ಉಗುಳಬಾರದು ಎಂಬ ಬೋರ್ಡಿತ್ತು, ಎಲೆಅಡಿಕೆ ಹಾಕಬಾರದು ಎಂಬ ಬೋರ್ಡಿತ್ತು, ತಲೆ ಬಗ್ಗಿಸಬೇಕು ಎಂಬ ಬೋರ್ಡು ಎಲ್ಲೂ ಇರಲಿಲ್ಲ. ಬೋರ್ಡು ಬೇಕಾಗಿರಲಿಲ್ಲ. ಹೆಂಗಸರು ಇದಕ್ಕೆ ಇಟ್ಟಿದ್ದ ಹೆಸರು ಚಪ್ಪಲಿ ದರ್ಶನ. ಯಜಮಾನರ ಬಲಗಾಲಿನ ಕಿರುಬೆರಳಿಗೆ ಉಗುರಿಲ್ಲ, ಎಡಗಾಲನ್ನು ಚೂರು ಎಳೆಯುತ್ತಾರೆ, ಪ್ರತಿ ಯುಗಾದಿಗೆ ಹೊಸ ಚಪ್ಪಲಿ ಎಂಬುದೆಲ್ಲ ಮುದ್ದೀರಮ್ಮನಿಗೆ ಗೊತ್ತು. ಅವರ ಜೀವನಚರಿತ್ರೆಯನ್ನು ಮೊಣಕಾಲಿನವರೆಗೆ ಅವಳು ಬರೆಯಬಲ್ಲಳು. ಮುಖವನ್ನು ನೋಡಿದ್ದು ಕಾರ್ಖಾನೆಯ ಕ್ಯಾಲೆಂಡರಿನಲ್ಲಿ ಮಾತ್ರ.

ಬಿಗಿಯುವ ಪಟ್ಟಿ ಕಟ್ಟಿದ ಮೊದಲ ದಿನ ಬೆಳಗಿನಿಂದ ಹಾಯಾಗಿತ್ತು. ತೊಟ್ಟಿಯ ಮೇಲೆ ಬಾಗುವುದು ಕೆಲಸದ ಬಾಗು, ನಿಧಾನದ್ದು. ಪಟ್ಟಿ ತಕರಾರು ಮಾಡಲಿಲ್ಲ. ಹತ್ತು ಏಳಕ್ಕೆ ಹೊರಗೆ ಚಪ್ಪಲಿ ಸದ್ದಾಯಿತು. ಮುದ್ದೀರಮ್ಮ ಎದ್ದಳು, ಕತ್ತು ತಾನಾಗಿ ರಪ್ಪನೆ ಬಗ್ಗಲು ಹೋಯಿತು. ಟಕ್.

ಬಾಗಿಲ ಪಕ್ಕದಲ್ಲಿ ಬಾಗದೆ ನಿಂತ ಮುಖದೆದುರು ಪರ್ವತಯ್ಯನವರು ಬಂದರು. ಕ್ಯಾಲೆಂಡರಿಗಿಂತ ಕುಳ್ಳಗಿದ್ದರು. ಕ್ಷೌರ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡು, ರಕ್ತ ನಿಲ್ಲಲೆಂದು ಕಡಲೆಕಾಳಿನಷ್ಟು ನ್ಯೂಸ್‌ಪೇಪರಿನ ಚೂರು ಅಂಟಿಸಿಕೊಂಡಿದ್ದರು. ತೆಗೆಯಲು ಮರೆತಿದ್ದರು. ಅದು ನಿನ್ನೆಯದೋ ಇವತ್ತಿನದೋ, ಯಾರು ಹೇಳಬೇಕು? ಮುಖ ನೋಡುವವರೇ ಇಲ್ಲದ ಮನುಷ್ಯನಿಗೆ ಮುಖದ ಸುದ್ದಿ ತಿಳಿಸುವವರು ಯಾರು? ಅವರು ಮುದ್ದೀರಮ್ಮನ ಕಣ್ಣುಗಳನ್ನು ನೋಡಿ, ಏನೋ ಮರೆತವರಂತೆ ಜೇಬು ತಡವಿಕೊಂಡು, ಆ ದಿನ ಆರು ನಿಮಿಷದ ಸುತ್ತನ್ನು ಮೂರರಲ್ಲಿ ಮುಗಿಸಿ ಹೊರಟರು. ಆಮೇಲೆ ನಂಜುಂಡ ಬಂದು, ಕೊಬ್ಬು ಬಂತೇನು ಎಂದು ಕೇಳಿದ. ಡಾಕ್ಟ್ರ ಪಟ್ಟಿ ಕಣಣ್ಣೋ, ಬಗ್ಗಾಕಿಲ್ಲ ಅಂತದೆ, ನಾನೇನು ಮಾಡ್ಲಿ ಎಂದು ಅವಳು ಪಟ್ಟಿಯನ್ನು ತೋರಿಸಿದಳು.

ಸಂಜೆ ಮುದ್ದೀರಮ್ಮನ ಮನೆಯ ಜಗಲಿಯಲ್ಲಿ ಶಮ್‌ಶಾದ್ ಬೀ ಈ ಪ್ರಸಂಗವನ್ನು ಆಡಿ ತೋರಿಸಿದಳು. ಅವಳಿಗೆ ಯಾರ ನಡಿಗೆ, ಯಾರ ಕೆಮ್ಮು ಬೇಕಾದರೂ ಒಮ್ಮೆ ಕೇಳಿದರೆ ಬರುತ್ತಿತ್ತು. ಬಿಟ್ಟ ಚಪ್ಪಲಿಗಳನ್ನು ಎರಡು ಕೈಗೆ ತೊಟ್ಟು ನೆಲದ ಮೇಲೆ ಸರ್-ಟಪ್, ಸರ್-ಟಪ್ ಎಂದು ಬಾರಿಸಿದಾಗ ಪರ್ವತಯ್ಯನವರೇ ಜಗಲಿ ಹತ್ತಿದಂತಾಯಿತು. ಎಲ್ಲರೂ ನಗುತ್ತಿರುವಾಗ ಸೊಸೆ ಅಂಬಿಕಾ ಒಳಗಿನಿಂದ ಟೀ ತಂದಿಟ್ಟು, ತಲೆ ತಗ್ಗಿಸಿಕೊಂಡೇ ಒಳಗೆ ಹೋದಳು. ಮದುವೆಯಾಗಿ ಎರಡು ವರ್ಷ. ಮುದ್ದೀರಮ್ಮನ ಮಗ ಟೆಂಪೋ ಓಡಿಸಲು ಊರೂರು ತಿರುಗುತ್ತಿದ್ದ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮುದ್ದೀರಮ್ಮ ಒಂದು ಗುಟುಕು ಕುಡಿದು, ಸಕ್ಕರೆ ಎಂದಳು. ಒಳಗಿನಿಂದ ಸಕ್ಕರೆ ಬಂತು, ಹಾಗೇ ತಲೆ ತಗ್ಗಿಸಿಕೊಂಡು.

ಪ್ರಯೋಗಾಲಯದಲ್ಲಿ ತಿಪ್ಪೇಶ ಪರದೆಯ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ. ಹೆಂಗಸರ ಕತ್ತನ್ನು ಹಾಳು ಮಾಡುತ್ತಿದ್ದದ್ದು ಕೆಲಸವೇ ಅಲ್ಲ. ಕೆಲಸದ ಬಾಗು ಇಪ್ಪತ್ತು ಡಿಗ್ರಿ, ಎಲೆ ಬಿದ್ದಷ್ಟು ನಿಧಾನ. ತಡೆಯಿಲ್ಲದಾಗ ಹತ್ತು ಏಳರ ಬಾಗು ಐವತ್ತೈದು ಡಿಗ್ರಿ, ಕಲ್ಲು ಬಿದ್ದಷ್ಟು ವೇಗ. ಭಯಕ್ಕೆ ಒಂದು ವೇಗವಿದೆ ಎಂದು ಅವನಿಗೆ ಅಳತೆಯ ಸಮೇತ ಗೊತ್ತಾದದ್ದು ಆಗ. ಇನ್ನೊಂದು ವಿಚಿತ್ರವೂ ಇತ್ತು. ಬಿಗಿಯುವ ದ್ರವವಿಲ್ಲದ ಬರೀ ಅಳತೆಪಟ್ಟಿಗಳನ್ನು ಹಿಂದಿನ ವಾರವೇ ಹೆಂಗಸರಿಗೆ ಕಟ್ಟಿ ನೋಡಿದ್ದ. ಆ ವಾರದ ಅಂಕಿಗಳಲ್ಲಿ ಹನ್ನೆರಡು ತಲೆಗಳು ಒಟ್ಟಿಗೆ ಬೀಳುತ್ತಿರಲಿಲ್ಲ. ಮೊದಲು ಒಂದು, ಅರೆಕ್ಷಣ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಗದ್ದೆಯ ಮೇಲೆ ಗಾಳಿ ಹಾದಂತೆ ಅಲೆ ಹೋಗುತ್ತಿತ್ತು. ಚಪ್ಪಲಿಯ ಸದ್ದು ಮೊದಲನೆಯವಳಿಗೆ ಮಾತ್ರ ಕೇಳುತ್ತಿತ್ತು. ಉಳಿದವರು ಬಗ್ಗುತ್ತಿದ್ದದ್ದು ಯಜಮಾನರಿಗಲ್ಲ, ಪಕ್ಕದವಳು ಬಗ್ಗಿದ್ದಕ್ಕೆ.

ಅವನು ಇದನ್ನು ಮುದ್ದೀರಮ್ಮನಿಗೆ ಹೇಳಿದ.

"ಅಂಗಾದ್ರೆ ಇಪ್ಪತ್ತೆರಡು ವರ್ಷದಿಂದ ಇವರನ್ನೆಲ್ಲ ಬಗ್ಸ್ತಾ ಇದ್ದದ್ದು ನಾನಾ?"

"ನೀವು ಶುರು ಮಾಡ್ತಿದ್ರಿ ಅಷ್ಟೇ ಅಮ್ಮ. ಬೇರೆ ಯಾರು ಮೊದಲ ತೊಟ್ಟಿಲಿ ಕೂತಿದ್ರೂ ಅದೇ ಆಗ್ತಿತ್ತು."

ಬಿಗಿಯುವ ಪಟ್ಟಿ ಕಟ್ಟಿದ ವಾರದಲ್ಲಿ ಹನ್ನೆರಡೂ ಬಿಗಿದವು. ಹೆಂಗಸರು ದಿನಕ್ಕೆ ತೊಂಬತ್ತು ಸೆಕೆಂಡು ಯಜಮಾನರನ್ನು ನೋಡಿದರು, ಯಜಮಾನರು ಸೂರನ್ನು ನೋಡಿದರು. ಶನಿವಾರ ಅವರು ಪ್ರಯೋಗಾಲಯದ ನಿರ್ದೇಶಕರಿಗೆ ಫೋನ್ ಮಾಡಿ, ಪಟ್ಟಿಗಳನ್ನು ಸಡಿಲ ಮಾಡಿಕೊಡಿ, ಇಲ್ಲವೇ ನಿಮ್ಮ ಪರೀಕ್ಷೆಯನ್ನು ಬೇರೆಲ್ಲಾದರೂ ಮಾಡಿಕೊಳ್ಳಿ ಎಂದರು. ನಿರ್ದೇಶಕರು ತಿಪ್ಪೇಶನನ್ನು ಕರೆದರು. ಅವನು ಒಳಗೆ ಹೋಗಿ ನಮಸ್ಕಾರ ಎನ್ನುವಷ್ಟರಲ್ಲಿ ಅವನ ಕತ್ತಿನ ಪಟ್ಟಿಯೇ ಟಕ್ಕೆಂದಿತು. ತೊಂಬತ್ತು ಸೆಕೆಂಡು ನಿರ್ದೇಶಕರ ಮುಖವನ್ನು ನೆಟ್ಟಗೆ ನೋಡುತ್ತ, ಆಗಲ್ಲ ಸರ್ ಎಂದು ಹೇಳಬೇಕೆಂದುಕೊಂಡ. ಪಟ್ಟಿ ಹಿಡಿದದ್ದು ಕತ್ತನ್ನು ಮಾತ್ರ, ನಾಲಗೆಯನ್ನಲ್ಲ. ಸರಿ ಸರ್ ಎಂದು ಬಂದ. ದ್ರವವನ್ನು ತೆಳು ಮಾಡಿದ. ಜೊತೆಗೆ, ಅಲೆ ಮೊದಲ ತೊಟ್ಟಿಯಿಂದ ಶುರುವಾಗುತ್ತದೆ ಎಂಬ ಅವನ ವರದಿಯೂ ನಿರ್ದೇಶಕರ ಮೇಜಿನಿಂದ ಪರ್ವತಯ್ಯನವರ ಮೇಜಿಗೆ ಹೋಯಿತು. ಅದು ಅವನಿಗೆ ತಿಳಿದದ್ದು ತಡವಾಗಿ.

ಭಾನುವಾರ ಮೆತ್ತನೆಯ ಪಟ್ಟಿಯ ಮೊದಲ ಮಾದರಿಯನ್ನು ತೆಗೆದುಕೊಂಡು ಮುದ್ದೀರಮ್ಮನ ಮನೆಗೆ ಹೋದ. ಕಣ್ಣು ನೆಲದ ಮೇಲಿತ್ತು.

"ಇದ ಕಟ್ಕಂಡ್ರೆ ನನ್ನ ಕೈ ಉಳೀತದಾ?" ಎಂದು ಅವಳು ಕೇಳಿದಳು.

"ಇದು ಬರೀ ಅಳತೆ ಮಾಡುತ್ತೆ ಅಮ್ಮ, ತಡೆಯಲ್ಲ. ದಿನಾ ಹಂಗೇ ಬಗ್ಗಿದ್ರೆ... ಉಳಿಯಲ್ಲ."

"ತಲೆ ಎತ್ತಿ ಹೇಳಪ್ಪ, ಪರ್ವಾಗಿಲ್ಲ. ಬಗ್ಗದೆ ಇದ್ರೆ?"

"ಉಳಿಯುತ್ತೆ."

ಮುದ್ದೀರಮ್ಮ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಸರಿ ಬುಡು, ಪಟ್ಟಿ ಮಾಡ್ತಿದ್ದ ಕೆಲಸಾನ ನಾವೇ ಕಲ್ತ್ಕೋತೀವಿ ಎಂದಳು. ಹಳೆಯ ಗಟ್ಟಿ ಪಟ್ಟಿಯೊಂದನ್ನು ಮಾತ್ರ ವಾಪಸು ಕೊಡಲಿಲ್ಲ, ನೆನಪಿಗಿರಲಿ ಎಂದಳು. ಮೆತ್ತನೆಯವು ಎಲ್ಲರ ಕತ್ತಿಗೆ ಬೀಳಲು ಇನ್ನೂ ಒಂದು ವಾರವಿತ್ತು. ಆ ವಾರವೆಲ್ಲ ಯಜಮಾನರು ರೇಷ್ಮೆ ಮಂಡಳಿಯ ಸಭೆಗೆಂದು ಊರಲ್ಲಿರಲಿಲ್ಲ.

ತಾಲೀಮು ಜಗಲಿಯಲ್ಲೇ ನಡೆಯಿತು. ಪ್ರತಿ ಸಂಜೆ ಹನ್ನೊಂದು ಹೆಂಗಸರು ಸಾಲಾಗಿ ನಿಲ್ಲುವುದು, ಶಮ್‌ಶಾದ್ ಬೀ ಕೈಗೆ ಚಪ್ಪಲಿ ತೊಟ್ಟು ಮರೆಯಿಂದ ಸರ್-ಟಪ್ ಎನ್ನುವುದು. ಮೊದಲ ದಿನ ಹನ್ನೊಂದೂ ತಲೆ ಬಿದ್ದವು. ಮರೆಯಲ್ಲಿರುವುದು ಶಮ್‌ಶಾದ್ ಬೀ ಎಂದು ಗೊತ್ತಿದ್ದೂ ಬಿದ್ದವು. ತಮ್ಮ ತಲೆಯ ಮೇಲೆ ತಮಗೇ ಹಿಡಿತವಿಲ್ಲವಲ್ಲ ಎಂದು ಹೆಂಗಸರು ಮೊದಲು ನಕ್ಕರು, ಆಮೇಲೆ ಕತ್ತು ತಡವಿಕೊಂಡರು. ಅರೆ, ನಂಗೇ ಇಷ್ಟು ಮರ್ಯಾದೆ ಕೊಡ್ತೀರಲ್ಲ, ಮನೇಲಿ ನಮ್ಮೋರು ಒಂದ್ ದಿನ ಕೊಟ್ಟಿಲ್ಲ ಎಂದು ಶಮ್‌ಶಾದ್ ಬೀ ಮತ್ತೆ ನಗಿಸಿದಳು. ಮೂರನೆಯ ದಿನ ನಾಲ್ಕು ತಲೆ ನಿಂತವು. ಐದನೆಯ ದಿನ ಒಂಬತ್ತು. ಮುದ್ದೀರಮ್ಮನದು ಮಾತ್ರ ಪ್ರತಿ ಸಲ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷದ ಹಿರಿತನ.

ಐದನೆಯ ಸಂಜೆ ಯಾರೋ ತಮಾಷೆಗೆ ಆ ಹಳೆಯ ಗಟ್ಟಿ ಪಟ್ಟಿಯನ್ನು ಅಂಬಿಕಾಳ ಕತ್ತಿಗೆ ಕಟ್ಟಿದರು. ಅವಳು ಹಾಗೇ ಟೀ ತಟ್ಟೆ ಹಿಡಿದು ಹೊರಗೆ ಬಂದಳು. ಎಲ್ಲರಿಗೂ ಲೋಟ ಕೊಟ್ಟಳು. ಕೊನೆಗೆ ಅತ್ತೆಯ ಮುಂದೆ ಬಂದಳು.

ಟಕ್.

ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಮುದ್ದೀರಮ್ಮ ನಗಲಿಲ್ಲ. ಅವಳ ಮುಖದಿಂದ ಒಂದು ಮೊಳ ದೂರದಲ್ಲಿ ಸೊಸೆಯ ಮುಖ ನೆಟ್ಟಗೆ ನಿಂತಿತ್ತು, ತೊಂಬತ್ತು ಸೆಕೆಂಡು ಎಲ್ಲಿಗೂ ಹೋಗುವಂತಿರಲಿಲ್ಲ. ಎಡಹುಬ್ಬಿನಲ್ಲಿ ಹಳೆಯ ಗಾಯದ ಒಂದು ಗೀರಿತ್ತು. ಕಣ್ಣು ಕಪ್ಪಲ್ಲ, ಹುಣಸೆಬೀಜದ ಬಣ್ಣ. ಎರಡು ವರ್ಷ ಒಂದೇ ಸೂರಿನ ಕೆಳಗಿದ್ದು ಅವಳು ಈ ಗೀರನ್ನು ನೋಡಿರಲಿಲ್ಲ. ಮತ್ತು ಆ ಕಣ್ಣುಗಳಲ್ಲಿ ಇದ್ದದ್ದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನಾ ಹತ್ತು ಏಳಕ್ಕೆ ಅದು ಅವಳ ಸ್ವಂತ ಎದೆಯಲ್ಲೇ ಏಳುತ್ತಿತ್ತು.

"ಎಲ್ಲಿ ಆಯ್ತು ಮಗ, ಇದು?" ಎಂದು ಹುಬ್ಬನ್ನು ತೋರಿಸಿ ಕೇಳಿದಳು.

"ಇಸ್ಕೂಲಲ್ಲಿ. ಕಬಡ್ಡಿ ಆಡೋವಾಗ," ಎಂದಳು ಅಂಬಿಕಾ. ಆಮೇಲೆ ತಾನಾಗಿ, "ನಾನು ಕ್ಯಾಪ್ಟನ್ ಆಗಿದ್ದೆ ಅತ್ತೆ," ಎಂದಳು.

ಪಟ್ಟಿ ಕರಗಿತು. ಅಂಬಿಕಾಳ ತಲೆ ಮೊದಲಿನ ಜಾಗಕ್ಕೆ ಇಳಿಯಿತು. ಮುದ್ದೀರಮ್ಮ ಆ ಸಂಜೆ ಸಕ್ಕರೆ ಕೇಳಲಿಲ್ಲ. ಕಾರ್ಖಾನೆಯಲ್ಲಿ ತಾನು ಬಗ್ಗಿದಷ್ಟನ್ನೂ ಮನೆಗೆ ಬಂದು ವಸೂಲು ಮಾಡಿಕೊಳ್ಳುತ್ತಿದ್ದೆನಲ್ಲ ಎಂದು ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಅಂದುಕೊಂಡಳು. ತಾನೂ ಒಂದು ಜೊತೆ ಚಪ್ಪಲಿ. ಮರುದಿನದ ತಾಲೀಮಿನಲ್ಲಿ ಶಮ್‌ಶಾದ್ ಬೀ ಎಷ್ಟು ಬಾರಿಸಿದರೂ ಅವಳ ತಲೆ ಬೀಳಲಿಲ್ಲ. ಆ ಸದ್ದು ಕೇಳಿದಾಗ ಯಜಮಾನರ ಕಾಲಿನ ಬದಲು ಹುಬ್ಬಿನ ಗೀರು ಕಣ್ಣಿಗೆ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಮೆತ್ತನೆಯ ಪಟ್ಟಿ ಕಟ್ಟಿಕೊಂಡು ಹೋದರೆ, ಬಾಗಿಲಲ್ಲೇ ನಂಜುಂಡ ತಡೆದ. ಮುದ್ದೀರಮ್ಮನಿಗೆ ಇನ್ನು ಮುಂದೆ ಹನ್ನೆರಡನೆಯ ತೊಟ್ಟಿ. ಸತ್ತ ಹುಳುಗಳನ್ನು ರಾಶಿ ಹಾಕುವ ಮೂಲೆ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಮೊದಲ ತೊಟ್ಟಿಗೆ ಶಮ್‌ಶಾದ್ ಬೀ. ತಲೆ ಬಗ್ಗಿಸದವರ ಹೆಸರು ಬರೆದುಕೊಳ್ಳಲು ಅವನ ಕೈಯಲ್ಲಿ ನೋಟ್‌ಬುಕ್ ಇತ್ತು.

ಮೂಲೆಯಲ್ಲಿ ಕೂತ ಮೇಲೆ ಮುದ್ದೀರಮ್ಮನಿಗೆ ಹೊಳೆಯಿತು. ಎಂಟು ದಿನ ತಾಲೀಮು ಮಾಡಿದ್ದು ಹನ್ನೊಂದು ಕತ್ತುಗಳು. ಶಮ್‌ಶಾದ್ ಬೀ ಒಂದು ದಿನವೂ ಸಾಲಿನಲ್ಲಿ ನಿಂತಿರಲಿಲ್ಲ. ಅವಳು ಬರೀ ಚಪ್ಪಲಿಯಾಗಿದ್ದಳು. ಇವತ್ತು ಆ ತಾಲೀಮಿಲ್ಲದ ತಲೆ ಮೊದಲು ಬೀಳುತ್ತದೆ. ಹಿಂದೆಯೇ ಅಲೆ ಬರುತ್ತದೆ. ಹಿಂದೆ ಕೂತು ಎಚ್ಚರಿಸೋಣವೆಂದರೆ ನಡುವೆ ಹತ್ತು ತೊಟ್ಟಿಗಳ ಹಬೆ. ಮುದ್ದೀರಮ್ಮ ಮರಗಟ್ಟಿದ ಎರಡು ಬೆರಳನ್ನು ಎಡಗೈಯಲ್ಲಿ ಹಿಡಿದು ಕೂತಳು.

ಹತ್ತು ಏಳು. ಹೆಂಗಸರು ಎದ್ದರು. ಸರ್-ಟಪ್, ಸರ್-ಟಪ್.

ಶಮ್‌ಶಾದ್ ಬೀಯ ತಲೆ ಒಂದಿಷ್ಟು ಬಗ್ಗಿತು. ಅಲ್ಲೇ ನಿಂತಿತು. ಆಮೇಲೆ ಅವಳ ಭುಜ ಅಲುಗಿದ್ದು ಮುದ್ದೀರಮ್ಮನಿಗೆ ಹಬೆಯ ನಡುವೆಯೂ ಕಂಡಿತು. ಅವಳು ನಗು ತಡೆದುಕೊಳ್ಳುತ್ತಿದ್ದಳು. ಎಡಗಾಲಿನ ಆ ಸರ್ ಇವತ್ತು ಗಿಡ್ಡವಾಗಿತ್ತು, ಟಪ್ ಬೇಗ ಬಂದಿತ್ತು. ಪಾಪ ಯಜಮಾನರಿಗೆ ತಮ್ಮ ನಡಿಗೆ ನನ್ನಷ್ಟು ಚೆನ್ನಾಗಿ ಬರಲ್ಲ ಅನ್ನಿಸಿಬಿಡ್ತು ಅಕ್ಕಾ ಎಂದು ಆಮೇಲೆ ಹೇಳಿದಳು. ಒಬ್ಬರ ಹಾಗೆ ಎಂಟು ದಿನ ನಡೆದವಳಿಗೆ ಅವರ ಕಾಲಿನ ನೋವು ಗೊತ್ತಿತ್ತು, ಭಯ ಉಳಿದಿರಲಿಲ್ಲ. ತಲೆ ಮೇಲಕ್ಕೆ ಬಂತು. ಎರಡನೆಯವಳು ಪಕ್ಕಕ್ಕೆ ನೋಡಿದಳು, ನೆಟ್ಟಗಿದ್ದಳು. ಮೂರನೆಯವಳು ಎರಡನೆಯವಳನ್ನು ನೋಡಿದಳು. ಹೀಗೆ ಹನ್ನೆರಡನೆಯ ತೊಟ್ಟಿಯ ತನಕ.

ಪರ್ವತಯ್ಯನವರು ನಿಂತರು. ಪಟ್ಟಿ ಮೆತ್ತಗಾಗಿದೆ ಎಂದು ಅವರಿಗೆ ಗೊತ್ತಿತ್ತು. ಸೂರನ್ನು ನೋಡಲು ಈಗ ನೆಪವಿರಲಿಲ್ಲ.

"ಏನಿದು?" ಎಂದರು. ನಂಜುಂಡ ಪೆನ್ನಿನ ಮುಚ್ಚಳ ತೆಗೆದ.

"ಯಜಮಾನ್ರೆ," ಎಂದಳು ಶಮ್‌ಶಾದ್ ಬೀ, ಮನೆಯವರಿಗೆ ಹೇಳುವ ದನಿಯಲ್ಲಿ, "ಗದ್ದದಲ್ಲಿ ಪೇಪರ್ ಅಂಟ್ಕೊಂಡಿದೆ."

ಅವರ ಕೈ ಗದ್ದಕ್ಕೆ ಹೋಯಿತು. ಚೂರು ಬೆರಳಿಗೆ ಬಂತು. ಏನೆಂದು ನೋಡಲು ಅವರು ತಲೆ ಬಗ್ಗಿಸಿದರು. ಹನ್ನೆರಡು ಹೆಂಗಸರ ಎದುರು, ಅಂಗೈಯ ಮೇಲಿನ ಆ ಕಡಲೆಕಾಳಿನಷ್ಟು ಕಾಗದವನ್ನು ನೋಡುತ್ತ ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

"ದಿನಾ ಇರುತ್ತಾ?" ಎಂದು ಮೆಲ್ಲಗೆ ಕೇಳಿದರು.

"ನೋಡಿದ ದಿನ ಎಲ್ಲ ಇತ್ತು," ಎಂದಳು ಅವಳು.

ಅವರು ಚೂರನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಹನ್ನೆರಡು ಹೆಸರು ಬರೆದು ನಂಜುಂಡ ಹಿಂದೆಯೇ ಓಡಿದ. ಹನ್ನೆರಡನ್ನೂ ತೆಗೆದುಹಾಕಿದರೆ ತುದಿ ಹುಡುಕುವ ಬೆರಳು ಆ ಊರಲ್ಲಿ ಇನ್ನಿಲ್ಲವೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಎರಡು ದಿನ ಯಜಮಾನರು ಬರಲಿಲ್ಲ. ಮೂರನೆಯ ದಿನ ಬಂದರು, ಗದ್ದ ಸ್ವಚ್ಛವಾಗಿತ್ತು. ಹೆಂಗಸರು ಕೂತೇ ಕೆಲಸ ಮುಂದುವರಿಸಿದರು. ಮುದ್ದೀರಮ್ಮನಿಗೆ ಹನ್ನೆರಡನೆಯ ತೊಟ್ಟಿ ಮಾತ್ರ ತಪ್ಪಲಿಲ್ಲ. ವಾಸನೆಗೆ ಅವಳು ಮೂಗಿಗೆ ಸೆರಗು ಕಟ್ಟಿಕೊಂಡಳು, ಕತ್ತಿಗೆ ಏನನ್ನೂ ಕಟ್ಟಿಕೊಳ್ಳಲಿಲ್ಲ.

ಆ ಸೋಮವಾರ ಪ್ರಯೋಗಾಲಯದ ಪರದೆಯ ಮೇಲೆ ಹನ್ನೆರಡು ಗೆರೆಗಳು, ಒಂದರಲ್ಲಿನ ಸಣ್ಣ ಕೊಂಕು ಬಿಟ್ಟರೆ, ಹತ್ತು ಏಳಕ್ಕೂ ನೆಟ್ಟಗೆ ಹೋದದ್ದನ್ನು ನಿರ್ದೇಶಕರೇ ಬಂದು ನೋಡಿದ್ದರು. ಪಟ್ಟಿ ಮೆತ್ತಗೆ ಮಾಡಿದ್ದೀಯ ತಾನೇ ಎಂದು ಕೇಳಿದರು. ಬೆಣ್ಣೆ ಸರ್ ಎಂದ ತಿಪ್ಪೇಶ.

"ಮತ್ತೆ ಇವರ ಕತ್ತನ್ನ ಹಿಡಿದಿರೋದು ಏನು?"

ತಿಪ್ಪೇಶ ವರದಿಯ ಕಾಲಂಗಳನ್ನೆಲ್ಲ ನೋಡಿದ. ಅದಕ್ಕೆ ಕಾಲಂ ಇರಲಿಲ್ಲ. "ಗೊತ್ತಿಲ್ಲ ಸರ್. ಆದ್ರೆ ಇನ್ನೊಂದು ಸಲ ಇದನ್ನ ಮೆತ್ತಗೆ ಮಾಡು ಅಂದ್ರೆ ನಾನು ಮಾಡಲ್ಲ," ಎಂದ. ಹೇಳುವಾಗ ಅವನ ಕತ್ತಿನಲ್ಲಿ ಪಟ್ಟಿ ಇರಲಿಲ್ಲ.

ಏಳು ವಾರ ಕಳೆಯಿತು. ಒಂದು ಸಂಜೆ ಮುದ್ದೀರಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅಂಬಿಕಾ ಬಾಗಿಲಿಗೆ ಬಂದಳು. ಅವಳ ತಲೆ ಅಭ್ಯಾಸಬಲದಿಂದ ಅರ್ಧ ಇಳಿಯಿತು, ನಡುದಾರಿಯಲ್ಲಿ ನಿಂತಿತು, ನಿಧಾನವಾಗಿ ಮೇಲಕ್ಕೆ ಬಂತು. ಈಗೀಗ ದಿನಾ ಹಾಗೇ, ಇಳಿಯುವುದು ದಿನಕ್ಕಿಷ್ಟು ಕಡಿಮೆಯಾಗುತ್ತಿತ್ತು.

"ಅತ್ತೆ, ನಾನು ನಾಳೆ ಇಸ್ಕೂಲ್ ಮೈದಾನಕ್ಕೆ ಹೋಗ್ಬೇಕು. ಹುಡುಗೀರಿಗೆ ಕಬಡ್ಡಿ ಕಲಿಸ್ತೀಯಾ ಅಂತ ಕೇಳವ್ರೆ," ಎಂದಳು. ಆಮೇಲೆ ಧೈರ್ಯ ಇನ್ನೂ ಸ್ವಲ್ಪ ಉಳಿದಿದೆ ಎನ್ನುವಂತೆ, "ಇವತ್ತು ಟೀ ನೀವೇ ಮಾಡಿ. ಸಕ್ಕರೆ ಎಷ್ಟು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ," ಎಂದಳು.

ಮುದ್ದೀರಮ್ಮ ಸೊಸೆಯನ್ನು ನೋಡಿದಳು. ಹುಬ್ಬಿನ ಗೀರು ಸ್ವಲ್ಪ ಮೇಲೇರಿ, ಉತ್ತರಕ್ಕೆ ಕಾಯುತ್ತಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು. ಟೀ ಕುದಿಸಿದಳು. ಎರಡು ಲೋಟಕ್ಕೆ ಸೋಸಿದಳು. ಒಂದನ್ನು ಎಂದಿನಂತೆ ಬಲಗೈಯಲ್ಲಿ ಎತ್ತಿದಳು.

ಲೋಟ ಠಣ್ಣೆಂದು ನೆಲಕ್ಕೆ ಬಿತ್ತು. ಅಂಬಿಕಾ ಓಡಿಬಂದಳು. ಚೆಲ್ಲಿದ ಟೀಯ ನಡುವೆ ಅತ್ತೆ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಮುಖದ ಮುಂದೆ ಹಿಡಿದು ನಿಂತಿದ್ದಳು. ಎರಡೂ ಕೆಂಪಗಾಗಿದ್ದವು.

"ಸುಡ್ತು ಕಣಮ್ಮಿ," ಎಂದಳು ಮುದ್ದೀರಮ್ಮ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. "ಇವಕ್ಕೆ ಗೊತ್ತಾಯ್ತು."